ದನಿ ಕೂಡಲಿಲ್ಲ

"ಅಲ್ಲೇ ನಿಲ್ಸಿ ಮೇಡಂ."

ಅವಳು ವಾಕ್ಯದ ನಡುವೆಯೇ ನಿಂತಳು. ಗಾಜಿನ ಆಚೆ ಧ್ವನಿಮುದ್ರಣ ಮಾಡುವವನು ತಲೆ ಓರೆ ಮಾಡಿಕೊಂಡು ಪರದೆ ನೋಡುತ್ತಿದ್ದ. ಸ್ಟುಡಿಯೋದಲ್ಲಿ ಎಲ್ಲರಿಗೂ ಅವನು ಗಡ್ಡ. ಆ ಒಂದು ಸಾಲನ್ನು ಅವಳು ಓದುತ್ತಿದ್ದುದು ಐದನೆಯ ಸಲ. ಹದಿನಾಲ್ಕು ವರ್ಷದಿಂದ ಆಡಿಯೋ ಪುಸ್ತಕಗಳಿಗೆ ಓದುತ್ತಿದ್ದವಳಿಗೆ ಎರಡನೆಯ ಸಲ ಓದಿ ಎಂದು ಹೇಳಿಸಿಕೊಂಡೇ ಅಭ್ಯಾಸವಿರಲಿಲ್ಲ.

"ಬೇಜಾರು ಮಾಡ್ಕೋಬೇಡಿ, ಒಂದು ಕೇಳಿಸ್ತೀನಿ," ಎಂದು ಗಡ್ಡ, ಹೋದ ತಿಂಗಳು ಅವಳು ಓದಿದ್ದ ನಾಲ್ಕನೆಯ ಅಧ್ಯಾಯದ ಎರಡು ಸಾಲು ಹಾಕಿದ. ಅದರ ಬೆನ್ನಿಗೇ ಇವತ್ತಿನ ಎರಡು ಸಾಲು. ಮೊದಲನೆಯದು ತಿಳಿಯಾಗಿ ಸಾಗುತ್ತಿತ್ತು. ಎರಡನೆಯದು ದಪ್ಪಗೆ, ತಡೆತಡೆದು ಬಂದು, ಸಾಲಿನ ಕೊನೆಯಲ್ಲಿ ಸೀಳುತ್ತಿತ್ತು.

"ಶೀತಾನಾ?"

"ಅಲ್ಲ."

"ಮತ್ತೆ? ಒಂದೇ ಪುಸ್ತಕದಲ್ಲಿ ಇಬ್ಬರು ಓದಿದ ಹಾಗಿದೆ. ಎರಡೂ ಕೂಡಲ್ಲ."

"ನಾಳೆ ಸರಿಯಾಗುತ್ತೆ," ಎಂದಳು. ಒಂಬತ್ತು ದಿನದಿಂದ ಸಂಜೆ ಏಳಕ್ಕೆ ಸರಿಯಾಗಿ ಗಂಡ ಅವಳ ಹೊಟ್ಟೆಗೆ ಹಾರ್ಮೋನಿನ ಸೂಜಿ ಚುಚ್ಚುತ್ತಿದ್ದ. ಮಗುವಿಗಾಗಿ ಚಿಕಿತ್ಸೆ, ಇದು ಮೂರನೆಯ ಸುತ್ತು. ಸ್ಟುಡಿಯೋದಲ್ಲಿ ಯಾರಿಗೂ ಹೇಳಿರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನಿನ ಪರದೆಯ ಮೇಲೆ ಕಣ್ಣಿಟ್ಟು "ಎಡಗಡೆ ಆರು ಅಂಡ, ಬಲಗಡೆ ನಾಲ್ಕು, ಚೆನ್ನಾಗಿದೆ," ಎಂದು ನರ್ಸಿಗೆ ಬರೆಸುತ್ತಿದ್ದರು. ಅವಳು ಮಲಗಿದ್ದಲ್ಲಿಂದಲೇ ಕೇಳಿದಳು.

"ಡಾಕ್ಟ್ರೇ, ಇದರಿಂದ ದನಿ ಕೆಡುತ್ತಾ?"

"ದನಿನಾ? ಹಾಡ್ತೀರಾ ನೀವು?"

"ಇಲ್ಲ, ಓದ್ತೀನಿ."

"ಓದೋಕೇನಮ್ಮ, ಮನಸ್ಸಲ್ಲೇ ಓದ್ಕೊಳ್ಳಿ," ಎಂದರು ಡಾಕ್ಟರಮ್ಮ. ನರ್ಸು ನಕ್ಕಳು. ಅವಳೂ ನಕ್ಕಳು. ಸಹಿ ಹಾಕಿಸಿಕೊಂಡ ಕಾಗದದಲ್ಲಿ ತಲೆನೋವು, ಹೊಟ್ಟೆ ಉಬ್ಬರ, ಸಿಡುಕು ಎಂದೆಲ್ಲ ಇತ್ತು. ದನಿಯ ಮಾತು ಎಲ್ಲೂ ಇರಲಿಲ್ಲ.

ಗಂಟಲಿನ ಡಾಕ್ಟರ ಹತ್ತಿರ ಅವಳು ಒಬ್ಬಳೇ ಹೋದಳು. ಅವರು ಮೂಗಿನೊಳಗಿಂದ ಸಣ್ಣ ಕೊಳವೆ ಇಳಿಸಿ, ಟಿವಿಯಲ್ಲಿ ಅವಳ ಗಂಟಲನ್ನು ಅವಳಿಗೇ ತೋರಿಸಿದರು. ದನಿ ಹೊರಡಿಸುವ, ಬೆಳ್ಳಗೆ ಇರಬೇಕಾಗಿದ್ದ ಎರಡು ಪಟ್ಟಿಗಳು ಕೆಂಪಗೆ ಊದಿಕೊಂಡಿದ್ದವು.

"ಹಾರ್ಮೋನು ಏರುಪೇರಾದಾಗ ಕೆಲವರಿಗೆ ಹೀಗಾಗುತ್ತೆ," ಎಂದರು ಅವರು. "ದನಿಯಲ್ಲೇ ಕೆಲಸ ಮಾಡೋ ನೀವಾಗಿದ್ದಕ್ಕೆ ಗೊತ್ತಾಯ್ತು. ಬೇರೆಯವರಾದ್ರೆ ಗಂಟಲು ಕಟ್ಟಿದೆ ಅಂತ ಸುಮ್ಮನಾಗ್ತಿದ್ರು. ಮಾತು ಕಡಿಮೆ ಮಾಡಿ. ಚಿಕಿತ್ಸೆ ಮುಗಿದ ಮೇಲೆ ಸರಿಹೋಗುತ್ತೆ, ಬಹುಶಃ."

ಬಹುಶಃ ಎಂದರೆ ಎಷ್ಟು ಎಂದು ಅವಳು ಕೇಳಲಿಲ್ಲ.

ಗಂಡ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಆ ಸಂಜೆ ಸಿರಿಂಜನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ತಟ್ಟಿ ಗಾಳಿಗುಳ್ಳೆ ಮೇಲೆ ತರುತ್ತಾ ಎಲ್ಲವನ್ನೂ ಕೇಳಿಸಿಕೊಂಡ.

"ನಿನಗೆ ಬೇಡ ಅನ್ಸಿದ್ರೆ ಬಿಟ್ಬಿಡೋಣ ಕಣೇ. ನಿಜವಾಗ್ಲೂ."

"ನನಗೆ ಈಗ ಮೂವತ್ತೊಂಬತ್ತು."

"ಅದು ಗೊತ್ತು."

"ಹಾಗಾದ್ರೆ ಚುಚ್ಚು."

ಅವನು ಚುಚ್ಚಿದ. ಈಗೀಗ ಅವಳಿಗೆ ನೋವೂ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಹತ್ತಿ ಒತ್ತಿಕೊಂಡು ಒಗೆದ ಬಟ್ಟೆ ಮಡಿಸಲು ಕುಳಿತಳು.

ವಾರ ಕಳೆದರೂ ದನಿ ಮರಳಲಿಲ್ಲ. ಅವಳೇ ಹೋಗಿ ಗಡ್ಡನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿದ.

"ಮೊದಲೇ ಹೇಳೋದಲ್ವಾ ಮೇಡಂ?"

"ಏನಂತ ಹೇಳ್ಲಿ?"

ಪ್ರಕಾಶಕರು ಕಾಯಲು ಒಪ್ಪಲಿಲ್ಲ. ಪುಸ್ತಕವನ್ನು ಮೊದಲಿನಿಂದ ಬೇರೊಬ್ಬಳು ಓದುವುದೆಂದಾಯಿತು. "ನಿಮ್ಮ ಹತ್ತು ಅಧ್ಯಾಯ ಅಳಿಸಲ್ಲ, ಇಟ್ಕೊಂಡಿರ್ತೀನಿ," ಎಂದ ಗಡ್ಡ. ಯಾಕೆ ಎಂದು ಅವಳು ಕೇಳಿದ್ದಕ್ಕೆ ಅವನು ಹೆಡ್‌ಫೋನಿನ ವೈರು ಸುತ್ತತೊಡಗಿದ. ಅವಳು ತನ್ನ ನೀರಿನ ಬಾಟಲಿ, ಪೆನ್ಸಿಲ್ ಎತ್ತಿಕೊಂಡು ಹೊರಟಳು. ಬಸ್ಸಿನಲ್ಲಿ ಅಳು ಬರಬಹುದೆಂದು ಕಿಟಕಿಯ ಪಕ್ಕ ಕುಳಿತಳು. ಬರಲಿಲ್ಲ.

ಅಂಡ ತೆಗೆದು, ಭ್ರೂಣ ಮಾಡಿ ಗರ್ಭದಲ್ಲಿ ಇಟ್ಟರು. ಆಮೇಲೆ ಬೇರೆ ಮಾತ್ರೆ, ಬೇರೆ ಸೂಜಿ. ದನಿ ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯಿತು. ಫೋನು ಮಾಡಿದ ಅಕ್ಕ "ನಿನ್ನ ಗಂಡ ಮಾತಾಡ್ತಿರೋದು ಅಂತ ಸುಳ್ಳು ಹೇಳಿದ್ರೂ ನಂಬ್ತಿದ್ದೆ," ಎಂದು ನಗಿಸಲು ನೋಡಿದಳು. ಹನ್ನೆರಡನೆಯ ದಿನ ಗಂಡ ಹೆಂಡತಿ ಹೋಗಿ ಗರ್ಭ ನಿಂತಿದೆಯೇ ಎಂಬ ಪರೀಕ್ಷೆಗೆ ಅವಳ ರಕ್ತ ಕೊಟ್ಟು ಬಂದರು.

ಮರುದಿನ ಬೆಳಿಗ್ಗೆ ಹಾಸಿಗೆಯ ಮೇಲಿದ್ದ ಗಂಡನ ಫೋನು ಹೊಡೆದುಕೊಂಡಿತು. ಅವನು ಸ್ನಾನಕ್ಕೆ ಹೋಗಿದ್ದ. ಅವಳೇ ಎತ್ತಿದಳು.

"ಹಲೋ."

"ನಮಸ್ಕಾರ ಸರ್, ಆಸ್ಪತ್ರೆಯಿಂದ," ಎಂದಳು ನರ್ಸು. "ರಿಪೋರ್ಟ್ ಬಂದಿದೆ. ಈ ಸಲಾನೂ ಆಗಿಲ್ಲ ಸರ್. ಮೇಡಂ ಪಕ್ಕದಲ್ಲಿದ್ದಾರಾ?"

ಅವಳು ಬಾಯಿ ತೆರೆದಳು. ನಾನೇ ಎನ್ನಲು ಒಂದು ಗಳಿಗೆ ಇತ್ತು, ಅದು ದಾಟಿಹೋಯಿತು.

"ಇಲ್ಲ," ಎಂದಳು.

"ಒಳ್ಳೇದಾಯ್ತು. ಅವರಿಗೆ ಸ್ವಲ್ಪ ನಿಧಾನವಾಗಿ ಹೇಳಿ ಸರ್. ಮೂರನೇ ಸಲ ಅಲ್ವಾ, ತುಂಬಾ ಹಚ್ಕೊಂಡಿರ್ತಾರೆ. ಔಷಧಿ ಎಲ್ಲ ಇವತ್ತಿಂದ ನಿಲ್ಲಿಸ್ಬಹುದು."

"ಆಯ್ತು, ಹೇಳ್ತೀನಿ."

ಸ್ನಾನದ ಮನೆಯ ಚಿಲಕ ಸರಿಯಿತು. ಗಂಡ ತಲೆ ಒರೆಸಿಕೊಳ್ಳುತ್ತಾ ಬಂದ.

"ಯಾರದು ಫೋನು?"

"ಆಸ್ಪತ್ರೆಯಿಂದ. ನಿಧಾನವಾಗಿ ಹೇಳ್ಬೇಕಂತೆ."

"ಯಾರಿಗೆ?"

"ನನಗೆ."

ಅವನ ಕೈಯಲ್ಲಿದ್ದ ಟವೆಲು ತಲೆಯ ಮೇಲೆಯೇ ನಿಂತಿತು. ಅವಳು ನೆಲ ನೋಡುತ್ತಿದ್ದಳು. ಸ್ನಾನದ ಮನೆಯಿಂದ ಹಾಸಿಗೆಯವರೆಗೆ ಅವನ ಒದ್ದೆ ಹೆಜ್ಜೆಗಳು ಮೂಡಿದ್ದವು. ಬಾಗಿಲ ಹತ್ತಿರದವು ಆಗಲೇ ಅಂಚಿನಿಂದ ಆರುತ್ತಿದ್ದವು.