ಬಿಜಾಪುರದ ಬಸ್ಸಿನಲ್ಲಿ ಅಣ್ಣ

ಬಸ್ಸಿಗೆ ಏನೂ ಇಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಲಾಡ್ಜಿಗೆ ಒಂದು ರಾತ್ರಿಗೆ ಎಂಟುನೂರು. ಊಟ, ಚಹಾ, ಆಟೋ ಎಲ್ಲ ಸೇರಿ ಆರುನೂರು ಹಿಡಿದರೆ ಹೆಚ್ಚಾಯಿತು. ದೊಡ್ಡ ಖರ್ಚು ಬೇರೆಯೇ ಇತ್ತು: ಎರಡು ದಿನ ಒಲೆ ಹಚ್ಚದಿದ್ದರೆ ದಿನಕ್ಕೆ ಮುನ್ನೂರು ರೊಟ್ಟಿಯ ವ್ಯಾಪಾರ ಹೋಗುತ್ತದೆ. ಹಿಟ್ಟು, ಗ್ಯಾಸು ಕಳೆದರೂ ಎರಡೂವರೆ ಸಾವಿರ. ಎಲ್ಲ ಕೂಡಿ ನಾಲ್ಕು ಸಾವಿರದ ಒಳಗೆ ಬಂತು. ಆಮೇಲೆಯೇ ರಾಜಶ್ರೀ ಬಿಜಾಪುರ ನೋಡಿ ಬರುತ್ತೇನೆ ಎಂದು ಗಂಡನಿಗೆ ಹೇಳಿದ್ದು.

ಸಿಂಧನೂರಿನಲ್ಲಿ ರೊಟ್ಟಿ ಬಡಿದು ಮಾರಲು ಶುರು ಮಾಡಿ ಅವಳಿಗೆ ಇಪ್ಪತ್ತೊಂದು ವರ್ಷವಾಗಿತ್ತು. ಈವರೆಗೆ ಬಿಜಾಪುರಕ್ಕೆ ಮೂರು ಸಲ ಹೋಗಿದ್ದಳು. ಮಾವನ ಕಣ್ಣಿನ ಆಪರೇಷನ್ನಿಗೆ ಒಮ್ಮೆ, ಒಂದು ಮದುವೆಗೆ, ಒಂದು ಮಣ್ಣಿಗೆ. ಮೂರು ಸಲವೂ ಗೋಳಗುಮ್ಮಟವನ್ನು ಆಟೋದೊಳಗಿಂದ ಬಗ್ಗಿ ಬಗ್ಗಿ ನೋಡಿದ್ದಷ್ಟೇ.

"ಯಾರ ಮನ್ಯಾಗ ಇಳೀತಿ?" ಎಂದ ಗಂಡ ಸಿದ್ದಲಿಂಗೇಶ.

"ಲಾಡ್ಜಿನ್ಯಾಗರಿ."

"ಜೋಡಿ ಯಾರು?"

"ಯಾರೂ ಇಲ್ಲ. ಎರಡು ದಿನ ಯಾರನ್ನೂ ನೋಡ್ಕೊಳ್ಳದ ಇರಬೇಕು ಅನಿಸೈತ್ರಿ. ಅಷ್ಟ."

ಅವನು ಬೇಡ ಎನ್ನಲಿಲ್ಲ. ಬೇಡ ಎನ್ನುವ ಗಂಡಸಲ್ಲ. ಆದರೆ ದಿಗಿಲಾದರೆ ಯಾರಿಗಾದರೂ ಫೋನ್ ಮಾಡುವ ಗಂಡಸು. ಮಾಡಿದ.

ಮರುದಿನ ಬೆಳಿಗ್ಗೆ ಏಳರ ಬಸ್ಸು. ಮಸ್ಕಿಯಲ್ಲಿ ಪಕ್ಕದ ಹೆಣ್ಣುಮಗಳು ಇಳಿದಳು. ರಾಜಶ್ರೀ ಖಾಲಿ ಸೀಟಿನ ಮೇಲೆ ತನ್ನ ಬ್ಯಾಗು ಇಟ್ಟು, ಕಾಲು ಚಾಚಿ, ಕಿಟಕಿ ಸರಿಸಿದಳು. ಅಷ್ಟರಲ್ಲಿ ಲಿಂಗಸುಗೂರಿನಿಂದ ಅಣ್ಣ ಬಸವಂತರಾಯನ ಫೋನು ಬಂತು. ಕಿರಾಣಿ ಅಂಗಡಿಯವನು, ಅವಳಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವನು.

"ಎಲ್ಲಿದ್ದಿ?"

"ಮಸ್ಕಿ ದಾಟೇನಿ."

"ಯಾವ ಕಡೆ ಸೀಟು?"

"ಡ್ರೈವರ್ ಕಡೆ. ಯಾಕಣ್ಣಾ?"

ಫೋನು ಕಟ್ಟಾಯಿತು. ಲಿಂಗಸುಗೂರಿನಲ್ಲಿ ಅಣ್ಣ ಒಂದೊಂದೇ ಮೆಟ್ಟಿಲು ಹಿಡಿದು ಬಸ್ಸು ಹತ್ತಿದ. ಬ್ಯಾಗನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಅವಳ ಪಕ್ಕ ಕೂತ. ಬಿಜಾಪುರಕ್ಕೇ ಟಿಕೆಟು ತಗೊಂಡ.

"ನಿನಗೇನು ಕೆಲಸ ಬಿಜಾಪುರದಾಗ?"

"ಐತಿ."

"ಏನು?"

ಅಣ್ಣ ಸುಳ್ಳು ಹೇಳಲು ಬಾರದವನು. ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಅವಳ ಕಡೆ ಬಾಗಿದ.

"ಜಗಳ ಆಡೀರೇನು?"

"ಯಾರ ಕೂಡ?"

"ಸಿದ್ದಲಿಂಗೇಶನ ಕೂಡ."

"ಅವ್ರ ಕೂಡ ಜಗಳ ಆಡಬೇಕಂದ್ರ ಅವ್ರು ಬಾಯಿ ತೆರೀಬೇಕಲ್ಲ."

ಅಣ್ಣ ನಗಲಿಲ್ಲ. ಹೆಂಗಸು ಬ್ಯಾಗು ಹಿಡಿದು ಒಬ್ಬಳೇ ಹೊರಟಿದ್ದಾಳೆ, ತವರಿಗೂ ಬರುತ್ತಿಲ್ಲ, ಲಾಡ್ಜಿಗೆ ಹೋಗುತ್ತಾಳಂತೆ. ಮನೆ ಬಿಟ್ಟಿದ್ದಾಳೆ ಎನ್ನುವುದು ಬಿಟ್ಟರೆ ಇದಕ್ಕೆ ಬೇರೆ ಅರ್ಥ ಅವನಿಗೆ ಗೊತ್ತಿರಲಿಲ್ಲ.

"ಲಾಡ್ಜು ಯಾಕ?" ಎಂದ ತಗ್ಗಿದ ದನಿಯಲ್ಲಿ. "ಮ್ಯಾಲಿನ ಖೋಲ್ಯಾಗಿನ ಸಕ್ಕರಿ ಚೀಲ ಎಲ್ಲಾ ನಿನ್ನೆ ಸಂಜಿಗೇ ಇಳಿಸೀನಿ. ಫ್ಯಾನ್ ಹಾಕಿಸೀನಿ. ನಿಮ್ಮ ವೈನಿ ಹಾಸಿಗಿ ಬಿಸಲಿಗೆ ಹಾಕ್ಯಾಳ. ಎಷ್ಟು ದಿನ ಬೇಕು ಇರು. ಯಾಕ ಅಂತ ಈ ಸಲ ಯಾರೂ ಕೇಳೂದಿಲ್ಲ."

ಈ ಸಲ ಎಂದದ್ದು ರಾಜಶ್ರೀಗೆ ತಾಗಿತು. ಮದುವೆಯಾದ ಎರಡನೇ ವರ್ಷ, ಅತ್ತೆಯ ಬಾಯಿ ತಾಳದೆ, ಹೀಗೇ ಒಂದು ಬ್ಯಾಗು ಹಿಡಿದು ಅವಳು ತವರಿಗೆ ಬಂದಿದ್ದಳು. ಮಂದಿ ಏನಂದಾರು ಎಂದು ಅಪ್ಪ ಮಧ್ಯಾಹ್ನದ ಬಸ್ಸಿಗೇ ವಾಪಸ್ಸು ಹತ್ತಿಸಿದ. ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಸಿಂಧನೂರಿನ ತನಕ ಮಾತಿಲ್ಲದೆ ಬಂದವನು ಇದೇ ಅಣ್ಣ. ಅತ್ತೆ ತೀರಿ ಹೋಗಿ ಹದಿನಾಲ್ಕು ವರ್ಷವಾಯಿತು. ರಾಜಶ್ರೀ ಆ ಮಾತು ಎಂದೂ ಎತ್ತಿರಲಿಲ್ಲ. ಅಣ್ಣ ಮರೆತಿದ್ದಾನೆ ಎಂದುಕೊಂಡಿದ್ದಳು.

ಏನು ಹೇಳಬೇಕೋ ತಿಳಿಯದೆ ಅವಳು ಗಂಡನಿಗೆ ಫೋನ್ ಹಚ್ಚಿ ಸ್ಪೀಕರ್ ಇಟ್ಟಳು.

"ಚಲೋ ಆತು ಫೋನ್ ಮಾಡಿದ್ದು," ಎಂದ ಸಿದ್ದಲಿಂಗೇಶ. "ಶೇಂಗಾ ಚಟ್ನಿ ಡಬ್ಬಿ ಎಲ್ಲೈತಿ? ಇಲ್ಲಿದ್ದ ಡಬ್ಬಿ ಎಲ್ಲಾ ತೆರದು ನೋಡೀನಿ. ಒಂದರಾಗ ಬರೇ ಗುಂಡಿ, ಸೂಜಿ ಅದಾವು."

"ಫ್ರಿಜ್ಜಿನ ಮ್ಯಾಲ ಐತ್ರಿ."

"ಅಲ್ಲ್ಯಾಕ ಇಟ್ಟಿ? ನಿಮ್ಮಣ್ಣ ಬಂದನೇನು? ಅವಗ ನಾ ಹೇಳೀನಂತ ಹೇಳಬ್ಯಾಡ."

ಅವಳು ಫೋನ್ ಇಟ್ಟಳು. ಅಣ್ಣ ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿದ್ದು ಸ್ವಲ್ಪ ಹೆಚ್ಚು ಹೊತ್ತಾಯಿತು.

"ಹಂಗಾದ್ರ ಖರೇನ ಊರು ನೋಡಾಕ ಹೊಂಟೀಯೇನು?"

"ಹೂಂ."

"ನಾನೂ ಗುಮ್ಮಟ ಹತ್ತಿಲ್ಲ ಬೇ. ಟಿಕೆಟ್ಟಂತೂ ತಗೊಂಡೀನಿ. ಬರ್ತೀನಿ ನಡಿ, ಬ್ಯಾಗರ ಹಿಡೀತೀನಿ."

ಹೂಂ ಎನ್ನುವುದು ಸುಲಭವಿತ್ತು. ಆ ದಿನವನ್ನು ಇಪ್ಪತ್ತಾರು ವರ್ಷ ಮನಸ್ಸಿನಲ್ಲಿಟ್ಟುಕೊಂಡವನು, ಮಂಡಿ ನೋವಿನಲ್ಲಿ ಬಸ್ಸು ಹತ್ತಿ ಬಂದಿದ್ದಾನೆ. ಆದರೆ ಅವಳಿಗೆ ತನ್ನ ಸ್ವಭಾವ ಗೊತ್ತಿತ್ತು. ಹತ್ತು ಗಂಟೆಗೆ ಅವನ ಸಕ್ಕರೆ ಕಾಯಿಲೆಯ ಗುಳಿಗೆ, ಒಂದಕ್ಕೆ ಅನ್ನ ಬೇಡ ರೊಟ್ಟಿ ಎಲ್ಲಿದೆ ಎಂದು ಹುಡುಕುವುದು, ಗುಮ್ಮಟದ ಮೆಟ್ಟಿಲಲ್ಲಿ ಹೆಜ್ಜೆಗೊಮ್ಮೆ ಹಿಂದೆ ನೋಡುವುದು. ಯಾರೂ ಹೇಳದಿದ್ದರೂ ಮಾಡುತ್ತಾಳೆ.

"ಅಣ್ಣಾ, ಸಿಟ್ಟಾಗಬ್ಯಾಡ," ಎಂದಳು. "ನೀ ಬಂದ್ರ ನಾ ಗುಮ್ಮಟ ನೋಡೂದಿಲ್ಲ, ನಿನ್ನ ನೋಡ್ತೀನಿ. ಮುದಗಲ್ಲಿನ್ಯಾಗ ಇಳಕೋ."

ಹೊಲ, ಕಲ್ಲುಗುಡ್ಡ ಹಿಂದೆ ಸರಿದವು. ಅವನ ಕೈ ಬ್ಯಾಗಿನ ಬಾರನ್ನು ಸುತ್ತುತ್ತ ಬಿಚ್ಚುತ್ತ ಇತ್ತು. ಅವನಿಗೆ ನೋವಾಗಿದೆ ಎಂದು ಅವಳಿಗೆ ತಿಳಿಯಿತು. ಆದರೂ ಮಾತು ಹಿಂದಕ್ಕೆ ತಗೊಳ್ಳಲಿಲ್ಲ.

ಮುದಗಲ್ಲಿನಲ್ಲಿ ಎದ್ದು ನಿಂತು ಬ್ಯಾಗನ್ನು ಅವಳ ಕೈಗೆ ಕೊಟ್ಟ.

"ಖೋಲಿ ಹಂಗ ಇರ್ತೈತಿ," ಎಂದ.

"ಮತ್ತ ಸಕ್ಕರಿ ಚೀಲ ಏರಿಸಬ್ಯಾಡ."

"ಏರಿಸೂದಿಲ್ಲ. ಲಾಡ್ಜಿನ್ಯಾಗ ಚಿಲಕ ಗಟ್ಟಿ ಐತೇನು ನೋಡ್ಕೋ."

ಮಧ್ಯಾಹ್ನ ಅವಳು ಗುಮ್ಮಟ ಹತ್ತಿದಳು, ಎಲ್ಲಿ ಬೇಕೋ ಅಲ್ಲಿ ಕೂತು, ಎಷ್ಟು ಬೇಕೋ ಅಷ್ಟು ಹೊತ್ತು. ಲಾಡ್ಜಿನ ಮ್ಯಾನೇಜರು ಜೋಡಿ ಯಾರು ಎಂದು ಎರಡು ಸಲ ಕೇಳಿದ. ಎರಡು ಸಲವೂ ಯಾರೂ ಇಲ್ಲ ಎಂದಳು. ಕೀ ಕೊಟ್ಟ. ಮರುದಿನ ಎದ್ದಾಗ ಎಂಟು ಗಂಟೆ ದಾಟಿತ್ತು.

ಬಿಜಾಪುರವನ್ನು ಅಣ್ಣನ ಜೋಡಿ ನೋಡುವುದು ತಪ್ಪಿತು. ಅವನ ಮಂಡಿ ನೋಡಿದರೆ ಇನ್ನು ಅದು ಆಗುವಂಥದ್ದೂ ಅಲ್ಲ. ಸಿಕ್ಕಿದ್ದು ಎರಡು ದಿನ, ಪೂರ್ತಿ ಅವಳವೇ. ಮತ್ತೆ, ಯಾಕೆ ಬಂದೆ ಎಂದು ಯಾರೂ ಕೇಳದ ಒಂದು ಖೋಲಿ, ಲಿಂಗಸುಗೂರಿನಲ್ಲಿ.