ಶನಿವಾರದ ಕೋಳಿ

ಬಿದಿರಿನ ಮಂಕರಿಯೊಳಗೆ ಕೈ ಹಾಕುತ್ತಿದ್ದಂತೆ ಆ ವಾಸನೆ ಪುಷ್ಪಳ ಮುಖಕ್ಕೆ ಬಂತು. ಬೆಚ್ಚಗಿನ ಪುಕ್ಕ, ಹಳೆಯ ಹುಲ್ಲು, ಸ್ವಲ್ಪ ಬೂದಿ. ಸ್ಕೂಲಿಗೆ ಹೊರಡುವ ಮೊದಲು ಮೊಟ್ಟೆ ತೆಗೆದುಕೊಂಡು ಬಾ ಎಂದು ಅಮ್ಮ ಕಳಿಸುತ್ತಿದ್ದ ದಿನಗಳ ವಾಸನೆ. ಒಂದು ಕ್ಷಣ ಅವಳಿಗೆ ತಾನು ಯಾಕೆ ಇಲ್ಲಿ ಬಗ್ಗಿ ನಿಂತಿದ್ದೇನೆ ಎಂಬುದೇ ಮರೆತುಹೋಯಿತು. ಕೋಳಿ ಮೈಯನ್ನೆಲ್ಲ ಅರಳಿಸಿ, ಗುರುಗುಟ್ಟಿ, ಅವಳ ಮಣಿಕಟ್ಟಿಗೆ ಕುಕ್ಕಿತು.

"ಸಿಕ್ತಾ?" ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಕಲಾ ಕೇಳಿದಳು.

"ಕುಕ್ತಾ ಇದೆ ಅತ್ತಿಗೆ."

"ಕಾವಿಗೆ ಕೂತಿರೋದು, ಕುಕ್ಕದೆ ಮುದ್ದು ಮಾಡುತ್ತಾ? ಎರಡೂ ರೆಕ್ಕೆ ಸೇರಿಸಿ ಹಿಡಿ."

ಪುಷ್ಪ ಕೈ ಹಿಂದಕ್ಕೆ ತೆಗೆದುಕೊಂಡಳು.

ಒಳಗೆ ನಡುಮನೆಯಲ್ಲಿ ಅವಳ ಅಮ್ಮ ಕನಕಮ್ಮನನ್ನು ಬೆಂಚಿನ ಮೇಲೆ ಮಲಗಿಸಿದ್ದರು. ಬೆಳಗಿನ ಜಾವ ನಲ್ಲಿ ನೀರು ಹಿಡಿಯಲು ಎದ್ದವಳು ಕೊಡದ ಪಕ್ಕದಲ್ಲೇ ಕುಸಿದಿದ್ದಳು. ಬಂಗಾರಪೇಟೆಯಿಂದ ಪುಷ್ಪ ಬರುವಷ್ಟರಲ್ಲಿ ಊರಿಗಾಂ ಗಣಿ ಕಾರ್ಮಿಕರ ಲೈನಿನ ಜನ ಬೀದಿಗೆ ಶಾಮಿಯಾನ ಹಾಕಿಸಿ, ಕುರ್ಚಿ ಹೊಂದಿಸಿ, ಗುಂಡಿ ತೋಡುವ ಚಲಪತಿಗೂ ಹೇಳಿ ಕಳಿಸಿದ್ದರು. ಮಧ್ಯಾಹ್ನಕ್ಕೆ ಮಣ್ಣು ಎಂದು ತೀರ್ಮಾನವಾಗಿತ್ತು. ಆಮೇಲೆ ಯಾರೋ, ಇವತ್ತು ಶನಿವಾರ ಅಲ್ವಾ, ಎಂದರು.

"ಶನಿಪ್ಪೊಣಂ ತನಿಯಾ ಪೋಗಾದು," ಎಂದು ಬೀದಿಯ ಮುದುಕಿಯೊಬ್ಬಳು ತಮಿಳಿನಲ್ಲಿ ಅಂದಳು. ಶನಿವಾರದ ಹೆಣ ಒಂಟಿಯಾಗಿ ಹೋಗುವುದಿಲ್ಲ, ಮನೆಯಿಂದ ಇನ್ನೊಬ್ಬರನ್ನು ಕರೆದುಕೊಳ್ಳುತ್ತದೆ. ಹಾಗಾಗದಿರಲೆಂದು ಮನೆಯವರ ಬದಲಿಗೆ ಒಂದು ಕೋಳಿಯನ್ನು ಜೀವಂತ ಚಟ್ಟಕ್ಕೆ ಕಟ್ಟಿ ಕಳಿಸಬೇಕು. ಸ್ಮಶಾನ ಮುಟ್ಟಿದ ಮೇಲೆ ಅದು ಗುಂಡಿ ತೋಡಿದವನದು. ಮನೆಗೆ ವಾಪಸು ಬರುವಂತಿಲ್ಲ.

ಹಿತ್ತಲಲ್ಲಿ ಕೋಳಿಗಳೇನೂ ಕಡಿಮೆ ಇರಲಿಲ್ಲ. ಆದರೆ ಪಕ್ಕದ ಮನೆಯ ಶ್ಯಾಮಲ, ಎಲ್ಲರೂ ಅಳುತ್ತಿದ್ದ ಹೊತ್ತಿನಲ್ಲಿ, ಗೂಡಿನ ಬಾಗಿಲು ತೆಗೆದುಬಿಟ್ಟಿದ್ದಳು.

"ಪಾವಂ, ಹಸ್ಕೊಂಡಿರ್ತಾವೆ ಅಂತ ಬಿಟ್ಟೆ," ಎಂದು ಅವಳು ಈಗ ಸೆರಗು ಹಿಂಡುತ್ತ ಹೇಳುತ್ತಿದ್ದಳು. "ನಂಗೇನು ಗೊತ್ತು ಇವತ್ತು ಶನಿವಾರ ಅಂತ? ಸಾವಿನ ಮನೇಲಿ ಯಾರು ಕ್ಯಾಲೆಂಡರ್ ನೋಡ್ತಾರೆ?"

ಹೊರಬಿದ್ದ ಕೋಳಿಗಳು ಗಣಿಯ ಕಸದ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆ ಪೊದೆಗಳಲ್ಲಿ ಚೆದುರಿದ್ದವು. ಸಂಜೆಯವರೆಗೆ ಅವು ಯಾರ ಕೈಗೂ ಸಿಗುವವಲ್ಲ. ಎದ್ದು ಓಡದ ಕೋಳಿ ಒಂದೇ, ಕಾವಿಗೆ ಕೂತದ್ದು.

"ಅಂಗಡಿಯಿಂದ ಒಂದು ಫಾರಂ ಕೋಳಿ ತರೋಣ ಮಾವ," ಎಂದಳು ಪುಷ್ಪ.

ಕಾಮಸಮುದ್ರದಿಂದ ಮೊದಲ ಬಸ್ಸಿಗೆ ಬಂದಿದ್ದ ಸೋದರಮಾವ ಕೋದಂಡಪ್ಪ ಎಲೆ ಅಡಿಕೆಯ ಬಾಯಲ್ಲೇ ತಲೆಯಾಡಿಸಿದ. "ಫಾರಂ ಕೋಳೀನಾ? ನಾಕೆಜ್ಜೆ ನಡಿಯಾಕೆ ಬರಾಕಿಲ್ಲ ಅದ್ಕೆ. ಅದೇನಮ್ಮಾ ನಮ್ಮಕ್ಕನ್ ಜತೆಗೆ ಓಗ್ತದೆ? ಅರ್ಧ ದಾರೀನಾಗೆ ಅಕ್ಕನೇ ಅದ್ನ ಎತ್ಕಂಡು ಓಗ್ಬೇಕಾಯ್ತದೆ."

ಯಾರೋ ನಕ್ಕು, ತಕ್ಷಣ ಬಾಯಿಗೆ ಟವಲು ಒತ್ತಿಕೊಂಡರು.

"ಮನೆಯವ್ರ ಬದಲಿಗೆ ಹೋಗೋದು ಅಂದ್ಮೇಲೆ ಮನೆ ಕೋಳಿನೇ ಆಗ್ಬೇಕು," ಎಂದಳು ಕಲಾ. "ಈ ಕೈ ಕಾಳು ತಿಂದಿರೋದೇ ಆಗ್ಬೇಕು."

ಪುಷ್ಪಳ ಅಣ್ಣ ವೇಣು ಎದ್ದು ಬಂದ. ಹೋದ ವರ್ಷ ಎದೆನೋವೆಂದು ಆಸ್ಪತ್ರೆ ಸೇರಿ ಬಂದಾಗಿನಿಂದ ಅವನು ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. "ಬಿಡು ಪುಷ್ಪಾ," ಎಂದ. "ಅದು ಮೊಟ್ಟೆ ಮೇಲೆ ಕೂತಿದೆ. ಆಗೋದಾಗ್ಲಿ."

ಕಲಾಳ ಕೈ ಗಂಡನ ಅಂಗಿಯ ಚುಂಗನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಹಿಡಿದಿರುವುದು ಅವಳಿಗೇ ಗೊತ್ತಿದ್ದಂತಿರಲಿಲ್ಲ.

ಯಾವುದು ಸರಿ ಎಂದು ಪುಷ್ಪಳಿಗೆ ತೋಚಲಿಲ್ಲ. ತಡಿ, ಅಮ್ಮನನ್ನೇ ಒಂದು ಮಾತು ಕೇಳಿ ಬರೋಣ ಎಂದುಕೊಂಡು ನಡುಮನೆಯ ಕಡೆಗೆ ಹೊರಟೇಬಿಟ್ಟಳು. ಹೊಸ್ತಿಲಲ್ಲಿ ಊದುಬತ್ತಿಯ ಹೊಗೆ ತಗುಲಿದಾಗ ನಿಂತಳು.

*

ಕನಕಮ್ಮ ಯಾವ ಕೋಳಿಯನ್ನೂ ಕಾವಿಗೆ ಕೂರಲು ಬಿಟ್ಟವಳಲ್ಲ.

ಗಣಿ ಮುಚ್ಚಿದ ವರ್ಷ ಪುಷ್ಪ ಮಿಡಲ್ ಸ್ಕೂಲಿನಲ್ಲಿದ್ದಳು. ಆಗಿನ್ನೂ ಬದುಕಿದ್ದ ಅಪ್ಪ ಪೆರುಮಾಳ್ ಕೋರಮಂಡಲ್ ಸ್ಟೇಷನ್ನಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗತೊಡಗಿದ. ಅಮ್ಮ ಹಿತ್ತಲಲ್ಲಿ ಕೋಳಿ ಸಾಕಿದಳು. ಮೊಟ್ಟೆಗಳು ಮಾರ್ಕೆಟ್ಟಿಗೆ, ಆಫೀಸರ ಬಂಗಲೆಗಳಲ್ಲಿ ಉಳಿದಿದ್ದ ಕೆಲವು ಕುಟುಂಬಗಳಿಗೆ ಹೋಗುತ್ತಿದ್ದವು. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲ. ಆದ್ದರಿಂದ ಯಾವುದಾದರೂ ಕೋಳಿ ಗೂಡು ಬಿಟ್ಟು ಏಳದೆ ಗುರುಗುಟ್ಟತೊಡಗಿದ ದಿನವೇ ಅಮ್ಮ ಅದನ್ನು ಎತ್ತಿ, ಬಕೆಟ್ಟಿನ ತಣ್ಣೀರಿನಲ್ಲಿ ಹೊಟ್ಟೆಯವರೆಗೆ ಅದ್ದುತ್ತಿದ್ದಳು.

"ಏಳು, ಏಳು. ನಿನ್ ಬಾಣಂತನ ಮಾಡಾಕೆ ನಂಗೆ ಪುರುಸೊತ್ತಿಲ್ಲ," ಎನ್ನುತ್ತಿದ್ದಳು. ಅದಕ್ಕೂ ಕೇಳದಿದ್ದರೆ ಅದರದೇ ಒಂದು ಪುಕ್ಕ ಕಿತ್ತು ಮೂಗಿನ ತೂತಿಗೆ ಸಿಕ್ಕಿಸಿ ಬಿಡುವಳು. ಅದನ್ನು ಕೆದರಿ ತೆಗೆಯುವ ಕಷ್ಟದಲ್ಲಿ ಕೋಳಿಗೆ ಕಾವಿನ ಯೋಚನೆ ಮರೆತುಹೋಗುತ್ತಿತ್ತು. ಪುಷ್ಪ ಅಳುತ್ತಿದ್ದಳು. "ಪಾಪ ಅಮ್ಮಾ!" "ಪಾಪ ಅಂತ ಕೂತ್ರೆ ನಿನ್ ಪರೀಕ್ಷೆ ಫೀಜು ಅದ್ಯಾರು ಕಟ್ತಾರೆ, ಹುಂಜಾನಾ?"

ಹೊಸ ಕೋಳಿ ಬೇಕಾದರೆ ಕೋದಂಡಪ್ಪ ಊರಿನಿಂದ ಬಸ್ಸಿನಲ್ಲಿ ತರುತ್ತಿದ್ದ. ಊರಿನಲ್ಲಿ ಅವನ ಕೋಳಿಗಳು ನಾಲ್ಕಾರು ಮನೆಗಳಲ್ಲಿ ಪಾಲಿಗೆ ಇದ್ದವು. ಕೋಳಿ ಅವನದು, ಹಿತ್ತಲು ಅವರದು, ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ. "ನೀನೂ ಒಂದ್ಸಲ ಮರಿ ಮಾಡಿಸಕ್ಕಾ," ಎಂದು ಅವನು ಬಂದಾಗಲೆಲ್ಲ ಹೇಳುತ್ತಿದ್ದ. "ಆಯ್ತು, ಮುಂದಿನ್ ಸಲ," ಎಂದು ಅವಳು ಬಕೆಟ್ಟಿಗೆ ನೀರು ತುಂಬುತ್ತಿದ್ದಳು.

*

ಪುಷ್ಪ ಮಂಕರಿಯ ಹತ್ತಿರ ವಾಪಸು ಬಂದು, ಎರಡೂ ರೆಕ್ಕೆ ಸೇರಿಸಿ, ಕೋಳಿಯನ್ನು ಎತ್ತಿದಳು. ಅದರ ಹೊಟ್ಟೆಯ ಪುಕ್ಕ ಉದುರಿ ಚರ್ಮ ಜ್ವರ ಬಂದ ಹಣೆಯಂತೆ ಸುಡುತ್ತಿತ್ತು. ಅವಳು ಯಾರ ಮುಖವನ್ನೂ ನೋಡದೆ ಅದನ್ನು ಬೀದಿಗೆ ತಂದು ಚಲಪತಿಯ ಕೈಗೆ ಕೊಟ್ಟಳು.

ಚಲಪತಿ ಕೋಳಿಯನ್ನು ತಿರುಗಿಸಿ ನೋಡಿದ. "ಕಾವಿಗೆ ಕೂತಿತ್ತಾ ಇದು?"

ಅವನು ತಂದಿದ್ದ ಸೆಣಬಿನ ಹುರಿಯನ್ನು ಜೇಬಿಗೆ ಹಾಕಿಕೊಂಡು, ತಲೆಗೆ ಸುತ್ತಿದ್ದ ಟವಲಿನ ಅಂಚು ಹರಿದು, ಅದರಿಂದ ಕೋಳಿಯ ಕಾಲನ್ನು ಸಡಿಲವಾಗಿ ಚಟ್ಟದ ಬಿದಿರಿಗೆ ಕಟ್ಟಿದ.

ತಮಟೆ ಶುರುವಾಯಿತು. ಹೆಂಗಸರು ಬೀದಿಯ ಕೊನೆಯವರೆಗೆ ಹೋಗಿ ನಿಂತರು. ಹೂವಿನ ನಡುವೆ ಅಮ್ಮನ ಮುಖ ಸ್ವಲ್ಪ ಹೊತ್ತು ಕಂಡಿತು. ಅದರ ಪಕ್ಕದಲ್ಲಿ ಕೋಳಿ ಕತ್ತು ಎತ್ತಿ ಹಿಂದಕ್ಕೇ ನೋಡುತ್ತಿತ್ತು. ತಿರುವಿನಲ್ಲಿ ಎರಡೂ ಮರೆಯಾದವು.

ಎಲ್ಲರೂ ಮನೆ ತೊಳೆಯಲು ನೀರು ಎಂದು ಗಡಿಬಿಡಿ ಮಾಡುತ್ತಿದ್ದಾಗ ಪುಷ್ಪ ಹಿತ್ತಲಿಗೆ ಬಂದಳು. ಒಂದು ಮೊಟ್ಟೆಯನ್ನು ಕೈಗೆ ತೆಗೆದುಕೊಂಡಳು. ಇನ್ನೂ ಬೆಚ್ಚಗಿತ್ತು. ಸುಮ್ಮನೆ ಕಿವಿಗೆ ಹಿಡಿದಳು. ಒಳಗೆ ಏನೋ ಕೆರೆಯಿತು. ನಿಂತಿತು. ಮತ್ತೆ ಕೆರೆಯಿತು.

ಅವಳು ಅಲ್ಲೇ ನೆಲದ ಮೇಲೆ ಕೂತು, ಮೊಟ್ಟೆಗಳನ್ನೆಲ್ಲ ಒಂದೊಂದಾಗಿ ಮಡಿಲಿಗೆ ಹಾಕಿಕೊಂಡು, ಸೆರಗು ಮುಚ್ಚಿದಳು.

*

ಎರಡು ವಾರದ ಹಿಂದೆ ಬಂದಿದ್ದಾಗಲೂ ಈ ಕೋಳಿ ಮಂಕರಿಯಲ್ಲೇ ಕೂತಿತ್ತು. ಪುಷ್ಪ ತಾನಾಗಿಯೇ ಬಕೆಟ್ಟಿಗೆ ನೀರು ಹಿಡಿದು ಕೋಳಿಯನ್ನು ಎತ್ತಿಕೊಂಡಿದ್ದಳು. ಅಮ್ಮ ಒಳಗಿನಿಂದ ಬಂದು ಅವಳ ಕೈಯಿಂದ ಅದನ್ನು ತೆಗೆದುಕೊಂಡಳು.

"ಕೂತ್ಕಳ್ಳಿ ಬುಡು."

"ಇದೇನಮ್ಮಾ, ನೀನೇ ತಾನೆ ಅದ್ದುತಾ ಇದ್ದಿದ್ದು?"

"ಅವಾಗ ಬೇಕಾಗಿತ್ತು, ಅದ್ದಿದ್ದೆ."

"ಈಗ ಮರಿ ಇಟ್ಕೊಂಡು ಏನ್ಮಾಡ್ತೀಯಾ? ಮಾರ್ತೀಯಾ?"

"ಏನೂ ಮಾಡಾಕಿಲ್ಲ." ಅಮ್ಮ ಕೋಳಿಯನ್ನು ಮೊಟ್ಟೆಗಳ ಮೇಲೆ ಬಿಟ್ಟು, ಬಾಗಿಲ ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಂಡಳು. "ಇಷ್ಟು ವರ್ಷ ಕೋಳಿ ಸಾಕಿದ್ನಲ್ಲ, ಮರಿ ತಾಯಿ ಇಂದೆ ಓಡಾಡಾದ್ನ ಒಂದಿನ ಕೂತ್ಕಂಡು ನೋಡಿಲ್ಲ ಕಣೆ. ಒಂದ್ಸಲ ನೋಡಾನ ಅಂತ."

*

"ಇಲ್ಲಿ ಕೂತಿದ್ಯಾ? ಸ್ನಾನಕ್ಕೆ ಏಳು," ಎಂದು ಹುಡುಕಿಕೊಂಡು ಬಂದ ಕಲಾ, ಸೆರಗಿನ ಉಬ್ಬು ನೋಡಿ ನಿಂತಳು. "ಏನದು?"

"ಮೊಟ್ಟೆ."

"ಆ ಕೋಳಿ ವಾಪಸ್ ಬರಲ್ಲ ಪುಷ್ಪಾ. ಗೊತ್ತು ತಾನೆ?"

"ಗೊತ್ತು."

"ಮತ್ತೆ ಯಾಕೆ?"

"ನಂಗೂ ಗೊತ್ತಾಗ್ತಿಲ್ಲ ಅತ್ತಿಗೆ. ಅಮ್ಮ ಮರಿ ನೋಡ್ಬೇಕು ಅಂದಿದ್ಲು. ಒಳಗೆ ಕೆರೀತಾ ಇದೆ. ತಣ್ಣಗೆ ಬಿಟ್ಟು ಹೇಗೆ ಏಳ್ಲಿ?"

ಕಲಾ ಒಳಗೆ ಹೋದಳು. ನೀರು ಸುರಿದುಕೊಳ್ಳುವ ಸದ್ದು ಕೇಳಿತು. ಒದ್ದೆ ಕೂದಲಿಗೆ ಟವಲು ಕಟ್ಟಿ, ಒಣಗಿದ ಸೀರೆಯುಟ್ಟು ಬಂದವಳು ಪುಷ್ಪಳ ಎದುರು ಚಕ್ಕಳಮಕ್ಕಳ ಹಾಕಿ ಕೂತು ಮಡಿಲು ಒಡ್ಡಿದಳು.

"ಕೊಡು. ನೀನು ಹೋಗಿ ಬಾ."

ಆಮೇಲೆ ಶ್ಯಾಮಲಳೂ ಬಂದು ಕೂತಳು. ಹೀಗೆ ಆ ಮಧ್ಯಾಹ್ನವೆಲ್ಲ ಮೊಟ್ಟೆಗಳು ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ಹೋದವು. "ನಾನು ನಾಲ್ಕು ಹೆತ್ತೆ, ಯಾವ್ದಕ್ಕೂ ಇಷ್ಟು ಅಲ್ಲಾಡ್ದೆ ಕೂತಿರ್ಲಿಲ್ಲ," ಎಂದಳು ಶ್ಯಾಮಲ. ಕಲಾ ನಕ್ಕಳು, ಹಾಗೇ ಅಳತೊಡಗಿದಳು. ಅಳುವಾಗಲೂ ಮಡಿಲು ಅಲುಗದಂತೆ ಕೈ ಅಡ್ಡ ಹಿಡಿದಿದ್ದಳು.

ಗಂಡಸರು ವಾಪಸಾದರು. ವೇಣು ಕಾಲು ತೊಳೆದುಕೊಂಡು, ಹಚ್ಚಿಟ್ಟ ದೀಪಕ್ಕೆ ಕೈಮುಗಿದು ಹಿತ್ತಲಿಗೆ ಬಂದ. ಮೂವರು ಹೆಂಗಸರನ್ನೂ ನೋಡಿದ.

"ಕೋಳಿ?" ಎಂದಳು ಪುಷ್ಪ.

"ಚಲಪತಿಗೆ ಕೊಟ್ಟಾಯ್ತು."

ಕತ್ತಲಾಗುತ್ತ ಬಂತು. ದಿಬ್ಬದ ಕಡೆಯಿಂದ ಉಳಿದ ಕೋಳಿಗಳು ಒಂದೊಂದಾಗಿ ಬಂದು, ಏನೂ ಆಗಿಲ್ಲವೆಂಬಂತೆ ಗೂಡು ಸೇರಿದವು. "ನೋಡು, ಈಗ ಬತ್ತಾವೆ ಮಾರಾಣಿಯರು," ಎಂದು ಕೋದಂಡಪ್ಪ ಗೊಣಗಿದ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಶ್ಯಾಮಲ ಮನೆಗೆ ಹೋಗಿ ಮುದ್ದೆ, ಅನ್ನ, ಹುರುಳಿಕಾಳು ಸಾರು ಮಾಡಿ ಕ್ಯಾರಿಯರಿನಲ್ಲಿ ತಂದಿಟ್ಟಳು. "ಪುಷ್ಪಾ, ಬೆಳಗ್ಗಿಂದ ಒಂದು ಗುಟುಕು ಕಾಫಿನೂ ಕುಡ್ದಿಲ್ಲ ನೀನು. ತಿನ್ನು." ಪುಷ್ಪಳ ಮಡಿಲಿನಲ್ಲಿ ಮೊಟ್ಟೆಗಳಿದ್ದವು. ರಾತ್ರಿಯೆಲ್ಲ ಹೀಗೇ ಕೂತಿರಲಾಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಏಳಲು ಮಾತ್ರ ಆಗಲಿಲ್ಲ.

ಬೇಲಿಯ ಆಚೆ ಯಾರೋ ಕೆಮ್ಮಿದರು. ಚಲಪತಿ ನಿಂತಿದ್ದ. ಸ್ನಾನ ಮಾಡಿ ಬೇರೆ ಅಂಗಿ ಹಾಕಿಕೊಂಡಿದ್ದ. ಕಂಕುಳಲ್ಲಿ ಟವಲಿನ ಗಂಟು. ಗಂಟಿನಿಂದ ಕೋಳಿಯ ತಲೆ ಹೊರಗೆ ಬಂದಿತ್ತು.

ಪುಷ್ಪಳನ್ನು ಬಿಟ್ಟು ಎಲ್ಲರೂ ಎದ್ದು ನಿಂತರು. "ವಾಪಸ್ ತರಬಾರದಪ್ಪಾ!" ಎಂದಳು ಕಲಾ. ಅವಳ ಕಣ್ಣು ವೇಣುವಿನ ಕಡೆ ಹೋಯಿತು.

"ವಾಪಸ್ ತಂದಿಲ್ಲಕ್ಕಾ," ಎಂದ ಚಲಪತಿ, ನೆಲ ನೋಡುತ್ತ. "ಈಗ ಇದು ನಂದು. ನಮ್ಮನೇಲಿ ಹಿತ್ತಲಿಲ್ಲ. ನಿಮ್ಮಲ್ಲಿ ಪಾಲಿಗೆ ಬಿಡೋಣ ಅಂತ ಬಂದೆ. ಮರಿ ಆದ್ರೆ ಅರ್ಧ ನಂಗೆ ಕೊಡಿ."

ಎಲ್ಲರೂ ಕೋದಂಡಪ್ಪನ ಮುಖ ನೋಡಿದರು. ಅವನು ಬಾಯಲ್ಲಿದ್ದ ಎಲೆಯನ್ನು ಬಹಳ ಹೊತ್ತು ಜಗಿದ.

"ಪಾಲಿನ್ ಕೋಳಿ ಯಾವತ್ತಿದ್ರೂ ಬುಟ್ಟೋನ್ದೇ," ಎಂದ ಕೊನೆಗೆ. "ಇದು ಈ ಮನೇದಲ್ಲ. ಅಕ್ಕನ್ ಕೋಳಿ ಅಕ್ಕನ್ ಜತೆ ಓಯ್ತು."

ಕಲಾ ತಾನೇ ಮಂಕರಿಯನ್ನು ಬಾಗಿಲ ಬಳಿಯಿಂದ ಎತ್ತಿಕೊಂಡು ಹೋಗಿ ಮನೆಯಿಂದ ದೂರ ಹಿತ್ತಲ ಮೂಲೆಯಲ್ಲಿಟ್ಟು, ಹುಲ್ಲು ಸರಿಮಾಡಿದಳು. ಪುಷ್ಪ ಮೊಟ್ಟೆಗಳನ್ನು ಇಟ್ಟಳು. ಚಲಪತಿ ಬೇಲಿಯ ಮೇಲಿಂದ ಕೊಟ್ಟ ಕೋಳಿಯನ್ನು ವೇಣು ತೆಗೆದುಕೊಂಡು ಬಿಟ್ಟ. ಅದು ಯಾರನ್ನೂ ನೋಡಲಿಲ್ಲ. ನೇರವಾಗಿ ಮಂಕರಿಗೆ ಹತ್ತಿ, ಕೊಕ್ಕಿನಿಂದ ಮೊಟ್ಟೆಗಳನ್ನು ಹೊಟ್ಟೆಯಡಿಗೆ ಎಳೆದುಕೊಂಡು, ಮೈ ಅರಳಿಸಿ ಕೂತಿತು. ಕಾಲಿನಲ್ಲಿ ಟವಲಿನ ಚೂರು ಇನ್ನೂ ಹಾಗೇ ಇತ್ತು.

"ಬತ್ತೀನಿ," ಎಂದು ಹೊರಟ ಚಲಪತಿ ತಿರುಗಿ ಸಣ್ಣಗೆ ನಕ್ಕ. "ಮನೇಲಿ ಹೆಂಡ್ತಿ ಕೋಳಿ ಸಾರಿಗೆ ಖಾರ ರುಬ್ಬಿಟ್ಕೊಂಡು ಕೂತವ್ಳೆ. ಬೈತಾಳೆ."

ಪುಷ್ಪ ಒಳಗೆ ಹೋಗಿ ಬಂದಳು. ಶ್ಯಾಮಲ ತಂದಿಟ್ಟಿದ್ದ ಕ್ಯಾರಿಯರು ಅವಳ ಕೈಯಲ್ಲಿತ್ತು. ಅದನ್ನು ಬೇಲಿಯ ಮೇಲಿಂದ ಅವನ ಕೈಗಿಟ್ಟಳು. ಅವನು ತಳಕ್ಕೆ ಎರಡೂ ಕೈ ಕೊಟ್ಟು ಹಿಡಿದುಕೊಂಡ. ಅದಿನ್ನೂ ಬಿಸಿಯಾಗಿತ್ತು.