ಹುಳದ ಮನೆಯ ಪಡುವಣ ಗೋಡೆ

ಲತಾಮಣಿ ಗೋಣಿತಾಟನ್ನು ನೀರಿನಲ್ಲಿ ಅದ್ದಿ, ಹಿಂಡದೆ, ರೇಷ್ಮೆ ಹುಳದ ಮನೆಯ ಪಡುವಣ ಕಿಟಕಿಗೆ ನೇತುಹಾಕಿದಳು. ಇನ್ನೊಂದು ಕಿಟಕಿ ಮುಗಿಸಿ ಬರುವಷ್ಟರಲ್ಲಿ ಮೊದಲನೆಯದು ಒಣಗಿರುತ್ತಿತ್ತು. ಅತ್ತೆ ಶಿವಲಿಂಗಮ್ಮ ಬಿಂದಿಗೆ ತುಂಬಿ ತಂದಿಟ್ಟರು. ಹುಳುಗಳು ಪೊರೆ ಬಿಡುವ ಕೊನೆಯ ನಿದ್ದೆ, ಅಂದರೆ ಕೊನೆಯ ಜ್ವರ, ಮುಗಿಸಿ ಎದ್ದಿದ್ದವು. ಈಗ ಬಿಡುವಿಲ್ಲದೆ ಹಿಪ್ಪುನೇರಳೆ ಸೊಪ್ಪು ತಿನ್ನಬೇಕಿತ್ತು. ಒಂದು ಕಡೆಯ ಬಿದಿರ ತಟ್ಟೆಗಳಲ್ಲಿನವು ತಿನ್ನುತ್ತಲೇ ಇರಲಿಲ್ಲ.

ಕೈಲಾಂಚ ಊರಿನ ಅವರ ಹೊಲದಲ್ಲಿ, ಈ ಗೋಡೆಯ ಪಕ್ಕದಲ್ಲೇ ಎರಡು ಹೊಂಗೆ ಮರಗಳಿದ್ದವು. ನೆರಳಿಗೆ ಸೊಪ್ಪು ತೆಳುವಾಗುತ್ತದೆಂದು ಮಾವ ಬೋರಲಿಂಗಯ್ಯ ಹೋದ ವರ್ಷ ಒಂದನ್ನು ಕಡಿಸಿದ್ದರು. ಸೊಪ್ಪೇನೋ ಹುಲುಸಾಗಿ ಬಂತು.

ಮದುವೆಯಾಗಿ ಬಂದ ಹೊಸದರಲ್ಲಿ ಲತಾಮಣಿ ಅದೇ ಮರದಡಿ ಕೂತು ಸೊಪ್ಪು ಕತ್ತರಿಸುತ್ತಿದ್ದಳು. ಹೂವು ಉದುರಿ ಬೆನ್ನ ಮೇಲೆ ಬೀಳುತ್ತಿತ್ತು. ತವರು ನೆನಪಾದಾಗ ಮುಖ ಮರೆಸಿಕೊಳ್ಳಲು ಬೊಡ್ಡೆಯ ಹಿಂದೆ ಜಾಗವಿತ್ತು. ಈಗಲೂ ಬುಟ್ಟಿ ಹಿಡಿದರೆ ಕಾಲು ಅತ್ತಲೇ ತಿರುಗುತ್ತದೆ. ಅಲ್ಲಿ ಬಿಸಿಲು ಇರುತ್ತದೆ.

ಇವತ್ತು ಉಳಿದ ಮರವನ್ನೂ ಕೊಯ್ಯಲು ಮರಿಯಪ್ಪ ಗರಗಸ ತಂದಿದ್ದ. ರಾಮನಗರದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಒಲೆಗಳಿಗೆ ಸೌದೆ ಹಾಕುವವನು ಅವನೇ. ಮಹಿಳಾ ಸಂಘದ ಸಭೆಗೆ ಕರೆಯಲು ಬಂದ ಪಕ್ಕದ ಮನೆಯ ಭಾನುಪ್ರಿಯ ಅದನ್ನು ಕಂಡು ನಿಂತುಬಿಟ್ಟಳು. ಹೊಗೆ ಆಕಾಶ ಸೇರಿ ಭೂಮಿಯ ಕಾವನ್ನು ಹೊರಗೆ ಹೋಗಗೊಡುವುದಿಲ್ಲ, ಮರ ಆ ಹೊಗೆಯ ಇಂಗಾಲವನ್ನು ಹೀರಿ ಇಟ್ಟುಕೊಳ್ಳುತ್ತದೆ, ಕಡಿದು ಉರಿಸಿದರೆ ಅದೆಲ್ಲ ಮತ್ತೆ ಮೇಲೇರುತ್ತದೆ ಎಂದು ಬಿಡಿಸಿ ಹೇಳಿದಳು.

ಬೋರಲಿಂಗಯ್ಯ ನಕ್ಕರು. "ಬಿಡದಿ ತಾವ ಕಾರ್ಖಾನೆ ಮ್ಯಾಲೆ ಕಾರ್ಖಾನೆ ಏಳ್ತಾವೆ. ನಂದೊಂದು ಹೊಂಗೆ ಮರದಿಂದ ಲೋಕ ತಣ್ಣಗಾಯ್ತದಾ ಮಗಾ?"

"ಒಂದರಿಂದ ಆಗಾಕಿಲ್ಲ ದೊಡ್ಡಪ್ಪ. ಕಾರ್ಖಾನೆಯೋರೂ ಹೊಗೆ ಕಮ್ಮಿ ಮಾಡ್ಬೇಕು, ನಾವು ಕೇಳ್ಬೇಕು. ಒಂದು ಹುಳ ನೂಲು ಬುಟ್ರೆ ಸೀರೆ ಆಯ್ತದಾ? ಅಂಗಂತ ಯಾವ ಹುಳ ಸುಮ್ಕೆ ಕುಂತೈತೆ?"

"ಹುಳಕ್ಕೆ ಬುದ್ಧಿ ಇಲ್ಲ, ಅದ್ಕೇ ಸುತ್ತತದೆ," ಎಂದರು ಅವರು. ಮರಿಯಪ್ಪನೂ ನಕ್ಕು ಮರದ ಬುಡಕ್ಕೆ ನಡೆದ.

ಲತಾಮಣಿ ಕೈಯಲ್ಲಿದ್ದ ಗೋಣಿತಾಟನ್ನು ಕೆಳಗಿಟ್ಟಳು. ಈ ಮರವೂ ಹೋದರೆ ಮನೆಯಲ್ಲಿ ಹುಳವೂ ಉಳಿಯುವುದಿಲ್ಲ, ನೆರಳೂ ಉಳಿಯುವುದಿಲ್ಲ. ಸೆರಗು ಬಿಗಿದುಕೊಂಡು ಮುಂದೆ ಬಂದಳು.

"ಮಾವ, ಒಸಿ ಈ ಗ್ವಾಡೆ ಮ್ಯಾಲೆ ಕೈ ಮಡಗಿ."

ಬಿಸಿಲಿದ್ದ ಕಡೆ ಅಂಗೈ ಇಟ್ಟವರು ಚುರ್ರೆಂದು ತೆಗೆದರು. ಅದೇ ಗೋಡೆಯ ಗುಂಟ ನಡೆದು, ಮರದ ನೆರಳಿದ್ದ ಕಡೆ ಇಟ್ಟರು. ಅಲ್ಲಿಂದ ಕೈ ಬೇಗ ತೆಗೆಯಲಿಲ್ಲ. ಒಳಗೆ ಹೋಗಿ ನೋಡಿದರು. ನೆರಳ ಕಡೆಯ ತಟ್ಟೆಗಳಲ್ಲಿ ಹುಳು ಸರಬರ ಮೇಯುತ್ತಿದ್ದವು. ಬಿಸಿಲ ಕಡೆಯವು ಹಸಿ ಸೊಪ್ಪಿನ ಮೇಲೇ ಸೋತು ಮಲಗಿದ್ದವು. ಹೊರಗೆ ಬಂದವರ ದನಿ ಇಳಿದಿತ್ತು.

"ಸೊಪ್ಪು ಬೆಳೆದೆ, ತಿನ್ನೋ ಬಾಯೇ ಕಳಕಂಡೆ. ಮರಿಯಪ್ಪ, ಬ್ಯಾಡ ಕಣ್ಲಾ."

"ಸಾಣೆ ಹಿಡ್ಸಿದ್ದು ದಂಡ ಆಯ್ತಲ್ಲೋ," ಎಂದು ಮರಿಯಪ್ಪ ಗರಗಸ ಹೆಗಲಿಗೇರಿಸಿದ.

ಆ ಸಂಜೆ ಸಂಘದಲ್ಲಿ, ಎಂದೂ ಬಾಯಿ ಬಿಡದ ಲತಾಮಣಿ ಎದ್ದು ನಿಂತಳು. ಕಡಿದ ಮರವನ್ನು ತರಲು ತನ್ನಿಂದಾಗದು, ಅಷ್ಟು ದೊಡ್ಡ ನೆರಳು ಮತ್ತೆ ಬೆಳೆಯುವ ಹೊತ್ತಿಗೆ ತಾನು ಮುದುಕಿಯಾಗಿರುತ್ತೇನೆ ಎಂದಳು. ನಿಂತಿರುವುದನ್ನಾದರೂ ಉಳಿಸೋಣ, ಕಾರ್ಖಾನೆಗಳ ಹೊಗೆಯ ಮಾತನ್ನು ಗ್ರಾಮಸಭೆಯಲ್ಲಿ ಎತ್ತೋಣ, ಜೊತೆಗೆ ಯಾರು ಬರುತ್ತೀರಿ ಎಂದು ಕೇಳಿದಳು. ಒಬ್ಬಳು ಮಗುವಿನ ಮೂಗೊರೆಸಿದಳು. ಇನ್ನೊಬ್ಬಳು ಬಾಗಿಲ ಕಡೆ ನೋಡಿದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅವಳು ಇನ್ನೂ ಕೂತಿಲ್ಲ. ನಿಮ್ಮ ಬದುವಿನ ಮರವನ್ನು ಕಡಿಯಬೇಡಿ. ಗ್ರಾಮಸಭೆಗೆ ಅವಳ ಜೊತೆ ಬನ್ನಿ.